ಎಲೆನ್‌ಗೆ ಬಂದ ಪತ್ರಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಬ್ರಾಂಟೆ ಅಕ್ಕತಂಗಿಯರ ಕಾದಂಬರಿಗಳನ್ನು ನಿಮ್ಮಲ್ಲಿ ಹಲವರು ಓದಿರುತ್ತೀರಿ. ಇವತ್ತು ಅವರ ಗೆಳತಿ ಎಲೆನ್ ನಸ್ಸಿಯ ಬಗ್ಗೆ ಮಾತಾಡೋಣ.

ಎಲೆನ್ ಮತ್ತು ಷಾರ್ಲೆಟ್ ಬ್ರಾಂಟೆ ಗೆಳತಿಯರಾದದ್ದು 1831ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರಿನ ಶಾಲೆಯೊಂದರಲ್ಲಿ. ಎಲೆನ್‌ಗೆ ದೇವರಲ್ಲಿ ನೆಮ್ಮದಿಯ ನಂಬಿಕೆ. ಷಾರ್ಲೆಟ್ ಪಾದ್ರಿಯ ಮಗಳಾದರೂ ಹರೆಯದಲ್ಲಿ ತನ್ನ ಭಕ್ತಿಯ ಬಗ್ಗೆಯೇ ಅವಳಿಗೆ ಅಳುಕು. ನಿನ್ನ ಜೊತೆಗಿದ್ದು ಬೈಬಲ್ ಓದುವಂತಿದ್ದರೆ ನಾನೂ ಒಳ್ಳೆಯವಳಾಗುತ್ತಿದ್ದೆನೇನೋ ಎಂದು ಗೆಳತಿಗೆ ಬರೆದಿದ್ದಳು.

1848ರ ಸೆಪ್ಟೆಂಬರಿನಲ್ಲಿ ಷಾರ್ಲೆಟ್‌ಳ ತಮ್ಮ ಬ್ರಾನ್‌ವೆಲ್ ತೀರಿಕೊಂಡ. ಡಿಸೆಂಬರ್ 19ರಂದು ತಂಗಿ ಎಮಿಲಿ, ಕ್ಷಯದಿಂದ. ಷಾರ್ಲೆಟ್ ಕರೆದಳು, ಎಲೆನ್ ಬ್ರಾಂಟೆಯವರ ಊರು ಹಾವರ್ತ್‌ಗೆ ಬಂದಳು. ಜನವರಿಯಲ್ಲಿ ಕಿರಿಯ ತಂಗಿ ಆ್ಯನ್‌ಗೂ ಅದೇ ಕಾಯಿಲೆ ಎಂದು ವೈದ್ಯರು ಹೇಳಿದಾಗ ಎಲೆನ್ ಆ ಮನೆಯಲ್ಲೇ ಇದ್ದಳು.

ಏಪ್ರಿಲ್ 5, 1849ರಂದು ಆ್ಯನ್ ತಾನೇ ಎಲೆನ್‌ಗೆ ಒಂದು ಪತ್ರ ಬರೆದಳು. ಹಾಳೆ ತುಂಬಿದ ಮೇಲೆ ಅದನ್ನೇ ತಿರುಗಿಸಿ, ಬರೆದ ಸಾಲುಗಳ ಮೇಲೆ ಅಡ್ಡಲಾಗಿ ಬರೆದಿದ್ದಾಳೆ. ಕಾಗದ, ಅಂಚೆ ಖರ್ಚು ಉಳಿಸಲು ಆ ಕಾಲದಲ್ಲಿ ಹಾಗೆ ಬರೆಯುವ ರೂಢಿಯಿತ್ತು. ಸಮುದ್ರತೀರಕ್ಕೆ ಹೋಗಬೇಕು, ನೀನು ಜೊತೆಗೆ ಬರುತ್ತೀಯಾ, ದಾದಿಯಾಗಿ ಅಲ್ಲ, ಗೆಳತಿಯಾಗಿ ಎಂದು ಕೇಳುತ್ತಾಳೆ. ಆಮೇಲೆ ಬರುವ ಮಾತು ನನ್ನನ್ನು ಇವತ್ತಿಗೂ ಕಾಡುತ್ತದೆ. ಸಾವಿನ ಭಯ ತನಗಿಲ್ಲ ಎನ್ನುತ್ತಾಳೆ. ಆದರೂ ದೇವರು ಉಳಿಸಿದರೆ ಒಳ್ಳೆಯದು, ಅಪ್ಪನಿಗಾಗಿ, ಷಾರ್ಲೆಟ್‌ಗಾಗಿ ಅಷ್ಟೇ ಅಲ್ಲ, ಹೋಗುವ ಮುಂಚೆ ಲೋಕಕ್ಕೆ ಏನಾದರೂ ಒಳ್ಳೆಯದು ಮಾಡುವ ಆಸೆಯಿದೆ ಎನ್ನುತ್ತಾಳೆ. 29 ವರ್ಷದ ಹುಡುಗಿ! ಎಲ್ಲ ದೇವರಿಚ್ಛೆ ಎಂದು ಸುಮ್ನೆ ತಲೆಬಾಗುವುದು ಸುಲಭವಿತ್ತು. ಬದುಕುವ ಆಸೆಯನ್ನು ಮುಚ್ಚಿಡದ ಈ ನಂಬಿಕೆ ಅದಕ್ಕಿಂತ ದೊಡ್ಡದು ಅನಿಸುತ್ತದೆ.

ಈ ಧೈರ್ಯ ಅವಳಿಗೆ ಒಮ್ಮೆಲೇ ಬಂದದ್ದಲ್ಲ. ಹದಿನೇಳರ ವಯಸ್ಸಿನಲ್ಲಿ ಕಾಯಿಲೆ ಬಿದ್ದು, ಮನಸ್ಸೂ ಕಂಗೆಟ್ಟಿದ್ದಾಗ ಮೊರೇವಿಯನ್ ಎಂಬ ಕ್ರೈಸ್ತ ಪಂಥದ ಗುರು ಲಾ ಟ್ರೋಬ್ ಅವಳನ್ನು ನೋಡಲು ಬರುತ್ತಿದ್ದರು. ಶಿಕ್ಷೆಯ ಮಾತು ಬಿಟ್ಟು ದೇವರ ಪ್ರೀತಿಯ ಬಗ್ಗೆ ಹೇಳುತ್ತಿದ್ದರು.

ಮೇ 24ರಂದು ಮೂವರೂ ಸಮುದ್ರತೀರದ ಊರು ಸ್ಕಾರ್ಬರೊಗೆ ಹೊರಟರು. ಖರ್ಚಿಗೆ ಆ್ಯನ್‌ಳ ಧರ್ಮಮಾತೆ (ಗಾಡ್‌ಮದರ್) ಅವಳಿಗಾಗಿ ಬಿಟ್ಟುಹೋಗಿದ್ದ 200 ಪೌಂಡ್ ಇತ್ತು. ಭಾನುವಾರ ಚರ್ಚಿಗೆ ಹೋಗುತ್ತೇನೆ ಎಂದು ಆ್ಯನ್ ಹಠ ಮಾಡಿದಳು, ಇವರಿಬ್ಬರೂ ತಡೆದರು. ಮರುದಿನ, ಮೇ 28ರಂದು, ನನ್ನ ಬದಲು ನೀನು ಷಾರ್ಲೆಟ್‌ಗೆ ತಂಗಿಯಾಗಿರು, ಸಾಧ್ಯವಾದಷ್ಟು ಅವಳ ಜೊತೆಗಿರು ಎಂದು ಎಲೆನ್‌ಗೆ ಹೇಳಿದಳು. ಸಾಯುತ್ತಿದ್ದವಳೇ ಉಳಿದವರನ್ನು ಸಂತೈಸಿದಳು, ಅಲ್ವಾ? ಎಲೆನ್ ಅದರಂತೆಯೇ ನಡೆದಳು. ಅಂತ್ಯಕ್ರಿಯೆ ಮುಗಿದ ಮೇಲೂ ವಾರಗಟ್ಟಲೆ ಷಾರ್ಲೆಟ್ ಜೊತೆ ಸಮುದ್ರದ ಬದಿಯ ಊರುಗಳಲ್ಲಿ ಉಳಿದಳು.

ಷಾರ್ಲೆಟ್ ಬರೆದ ಪತ್ರಗಳನ್ನು ಸುಟ್ಟುಬಿಡಿ ಎಂದು 1854ರಲ್ಲಿ ಅವಳ ಗಂಡ ಕೇಳಿಕೊಂಡಿದ್ದರು. ಎಲೆನ್ ಅವನ್ನು ಸುಡಲಿಲ್ಲ. ಹಾಗಾಗಿ ಮುನ್ನೂರಕ್ಕೂ ಹೆಚ್ಚು ಪತ್ರಗಳು ಇವತ್ತು ನಮಗೆ ಸಿಗುತ್ತವೆ. ಎಲೆನ್ ಬರೆದ ಉತ್ತರಗಳು ಮಾತ್ರ ಹೆಚ್ಚೂಕಡಿಮೆ ಎಲ್ಲವೂ ಕಳೆದುಹೋಗಿವೆ. ಅವಳ ಸಾಂತ್ವನ ಎಷ್ಟು ಬೇಕಾಗಿತ್ತು ಎಂಬುದು ಷಾರ್ಲೆಟ್ ಮತ್ತೆ ಮತ್ತೆ ಅವಳಿಗೇ ಬರೆದದ್ದರಲ್ಲಿ ಕಾಣುತ್ತದೆ.

ನಮಸ್ಕಾರ.