‘ಮಂಗನಿಂದ ಮಾನವ’ ಎಂಬ ಸಾಲಿನ ಮೇಲೆ ಒಂದು ತಕರಾರು

ನಮಸ್ಕಾರ. ಇಂದು ನನ್ನ ತಕರಾರು ಒಂದು ಚಿತ್ರದ ಮೇಲೆ. ಎಡತುದಿಯಲ್ಲಿ ಮುಂಗೈಯೂರಿ ಬಾಗಿ ನಡೆಯುವ ವಾನರ, ಅದರ ಮುಂದೆ ತುಸು ನೆಟ್ಟಗಾದ ಇನ್ನೊಂದು, ಅದರಾಚೆ ಕಲ್ಲು ಹಿಡಿದ ರೋಮಭರಿತ ಜೀವಿ, ಕೊನೆಗೆ ಬಲತುದಿಯಲ್ಲಿ ಎದೆ ಸೆಟೆಸಿ ಹೆಜ್ಜೆ ಹಾಕುತ್ತಿರುವ ಮನುಷ್ಯ. ಪಠ್ಯಪುಸ್ತಕದಲ್ಲೋ ಜಾಹೀರಾತಿನಲ್ಲೋ ಅಂಗಿಯ ಮೇಲೋ ನೀವು ಇದನ್ನು ನೋಡಿಯೇ ಇರುತ್ತೀರಿ. ಮಾನವನ ವಿಕಾಸವನ್ನು ಒಪ್ಪದವರು ಈ ವಿಷಯದ ತಿಳಿವಳಿಕೆಗೆ ಎಷ್ಟು ಹಾನಿ ಮಾಡಿದ್ದಾರೋ, ಒಪ್ಪುವ ನಾವು ಈ ಚಿತ್ರವನ್ನು ಹಂಚಿ ಅದಕ್ಕಿಂತ ಹೆಚ್ಚು ಹಾನಿ ಮಾಡಿದ್ದೇವೆ ಎಂಬುದು ನನ್ನ ಅಭಿಪ್ರಾಯ.

‘ಮಂಗನಿಂದ ಮಾನವ ಆಗಿದ್ದರೆ ಈಗಲೂ ಮಂಗಗಳು ಏಕಿವೆ?’ ಎಂದು ಕೇಳುವವರನ್ನು ಕಂಡು ನಾವು ನಗುತ್ತೇವೆ. ನಗುವ ಹಕ್ಕು ನಮಗಿಲ್ಲ. ಹಿಂದೆ ನಿಂತವನು ಮುಂದಿನವನಾಗಿ ಬದಲಾಗುತ್ತ ಹೋದನೆಂದು ಚಿತ್ರ ಬರೆದು ತೋರಿಸಿದ ಮೇಲೆ, ಹಿಂದಿನವರು ಇನ್ನೂ ಉಳಿದಿರುವುದೇಕೆ ಎಂದು ಕೇಳುವುದು ಆ ಚಿತ್ರವನ್ನು ಗಮನವಿಟ್ಟು ನೋಡಿದವರ ಪ್ರಶ್ನೆ. ಇದಕ್ಕೆ ಉತ್ತರ ಕೊಡಲು ಕನ್ನಡದಲ್ಲಿ ಬಲು ಒಳ್ಳೆಯ ಪದವೊಂದಿದೆ: ದಾಯಾದಿ. ಚಿಂಪಾಂಜಿ ನಮ್ಮ ಅಜ್ಜನಲ್ಲ, ಅದೇ ಅಜ್ಜನ ಇನ್ನೊಂದು ಕವಲಿನ ಸಂತಾನ. ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ ಆಫ್ರಿಕಾದಲ್ಲಿದ್ದ, ಇತ್ತ ಮನುಷ್ಯನೂ ಅಲ್ಲದ ಅತ್ತ ಚಿಂಪಾಂಜಿಯೂ ಅಲ್ಲದ ವಾನರ ಸಮುದಾಯವೊಂದು ನಿಧಾನವಾಗಿ ಪಾಲಾಯಿತು. ಆ ಪಾಲಿನ ದಾಖಲೆ ನಮ್ಮ ಜೀವಕೋಶಗಳಲ್ಲೇ ಇದೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 24 ಜೋಡಿ ವರ್ಣತಂತುಗಳಿದ್ದರೆ ನಮಗೆ 23 ಮಾತ್ರ. ಏಕೆಂದರೆ ಅವುಗಳಲ್ಲಿ ಬೇರೆ ಬೇರೆಯಾಗಿಯೇ ಉಳಿದ ಎರಡು ವರ್ಣತಂತುಗಳು ನಮ್ಮ ವಂಶದಲ್ಲಿ ತುದಿಗೆ ತುದಿ ಬೆಸೆದುಕೊಂಡು, ಇಂದು ನಾವು ಎರಡನೆಯ ವರ್ಣತಂತು ಎಂದು ಕರೆಯುವ ಒಂದೇ ಎಳೆಯಾಗಿವೆ. ಸಾಮಾನ್ಯವಾಗಿ ವರ್ಣತಂತುವಿನ ತುದಿಯಲ್ಲಿ ಮಾತ್ರ ಇರಬೇಕಾದ ಡಿಎನ್‌ಎ ಅಕ್ಷರಮಾಲೆ ಅದರ ನಡುವೆ ಸಿಗುತ್ತದೆ. ಬೆಸುಗೆಯ ಗುರುತು ಇಷ್ಟು ಸ್ಪಷ್ಟವಾಗಿ ಉಳಿದಿರುವುದು ಅಪರೂಪ.

ಈ ಸಾಲಿನ ಚಿತ್ರ ನಮಗೆ ಇಷ್ಟವಾಗುವುದಕ್ಕೆ ಕಾರಣ, ಅದು ನಮ್ಮನ್ನು ಹೊಗಳುತ್ತದೆ. ಎಲ್ಲರೂ ನಮ್ಮ ಕಡೆಗೇ ನಡೆದು ಬರುತ್ತಿದ್ದಾರೆ! ಇಂಥ ಹೊಗಳಿಕೆಗೆ ವಿಜ್ಞಾನಿಗಳೂ ಮರುಳಾದದ್ದುಂಟು. ಮೊದಲು ಮಿದುಳು ಬೆಳೆಯಿತು, ಉಳಿದ ಮಾನವ ಲಕ್ಷಣಗಳು ಅದನ್ನು ಹಿಂಬಾಲಿಸಿದವು ಎಂಬ ನಂಬಿಕೆ ಪ್ರಬಲವಾಗಿದ್ದ ಕಾಲದಲ್ಲಿ, 1912ರಲ್ಲಿ, ಇಂಗ್ಲೆಂಡಿನ ಪಿಲ್ಟ್‌ಡೌನ್ ಎಂಬಲ್ಲಿ ಆ ನಂಬಿಕೆಗೆ ಅಳತೆ ತೆಗೆದು ಹೊಲಿದಂಥ ಪಳೆಯುಳಿಕೆ ದೊರೆತಿತೆಂದು ಪ್ರಕಟಿಸಲಾಯಿತು: ಮನುಷ್ಯನಂಥ ದೊಡ್ಡ ಬುರುಡೆ, ವಾನರನಂಥ ದವಡೆ. ಅದು ಮೋಸವೆಂದು ಬಯಲಾದದ್ದು 1953ರಲ್ಲಿ. ಬುರುಡೆ ನಿಜವಾಗಿಯೂ ಮನುಷ್ಯನದೇ, ದವಡೆ ಒರಾಂಗುಟಾನ್‌ದು. ಹಲ್ಲುಗಳನ್ನು ಅರದಿಂದ ಉಜ್ಜಿ, ಮೂಳೆಗಳಿಗೆ ಹಳತೆಂದು ಕಾಣುವಂತೆ ಬಣ್ಣ ಕಟ್ಟಲಾಗಿತ್ತು. ನನಗೆ ಮೋಸಕ್ಕಿಂತ ಬೇಸರ ತರುವುದು ಅದೇ ಅವಧಿಯ ಇನ್ನೊಂದು ಸಂಗತಿ. 1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್‌ನಲ್ಲಿ ಪುಟ್ಟ ಮಗುವೊಂದರ ಬುರುಡೆ ಸಿಕ್ಕಿತು. ಅದರ ಮಿದುಳು ವಾನರದಷ್ಟೇ ಚಿಕ್ಕದು, ಆದರೆ ಬೆನ್ನುಹುರಿ ಹಾದುಹೋಗುವ ರಂಧ್ರ ಬುರುಡೆಯ ಹಿಂಬದಿಗಿಂತ ತಳದತ್ತ ಇತ್ತು. ಎಂದರೆ ಆ ತಲೆ ನೆಟ್ಟಗಿನ ದೇಹದ ಮೇಲೆ ಕುಳಿತಿತ್ತು. ರೇಮಂಡ್ ಡಾರ್ಟ್ ಇದನ್ನು ಮರುವರ್ಷವೇ ವಿವರಿಸಿ ಬರೆದರೂ, ಹೆಚ್ಚಿನ ಪಂಡಿತರು ಅದೊಂದು ವಾನರದ ಮರಿಯೆಂದು ತಳ್ಳಿಹಾಕಿದರು. ಅಪ್ಪಟ ಸಾಕ್ಷ್ಯ ಎರಡು ದಶಕ ಬಾಗಿಲಲ್ಲಿ ಕಾಯಿತು, ಖೋಟಾ ಸಾಕ್ಷ್ಯ ಒಳಗೆ ಪೀಠದ ಮೇಲೆ ಕುಳಿತಿತ್ತು.

ಕಾಲು ಮೊದಲು, ತಲೆ ಆಮೇಲೆ ಎಂಬುದರಲ್ಲಿ ಇಂದು ಯಾವ ಅನುಮಾನವೂ ಇಲ್ಲ. 1974ರಲ್ಲಿ ಇಥಿಯೋಪಿಯಾದ ಹಡಾರ್‌ನಲ್ಲಿ ಸಿಕ್ಕ, ಲೂಸಿ ಎಂದು ಹೆಸರಾದ ಅಸ್ಥಿಪಂಜರಕ್ಕೆ ಸುಮಾರು 32 ಲಕ್ಷ ವರ್ಷ. ಎತ್ತರ ಒಂದು ಮೀಟರಿಗಿಂತ ತುಸು ಹೆಚ್ಚು. ಅವಳ ಸೊಂಟವೂ ಮಂಡಿಯೂ ಎರಡು ಕಾಲಿನ ನಡಿಗೆಗೆ ಒಗ್ಗಿದವು, ಆದರೆ ಅವಳ ಪ್ರಭೇದದ ಮಿದುಳು ನಮ್ಮದರ ಮೂರನೆಯ ಒಂದು ಭಾಗದ ಆಸುಪಾಸಿನದು. ಟಾಂಜಾನಿಯಾದ ಲೇಟೋಲಿಯಲ್ಲಿ ಇನ್ನೂ ಹಳೆಯ ಗುರುತುಗಳಿವೆ. ಸುಮಾರು 36 ಲಕ್ಷ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿ ಸುರಿದು, ಮಳೆಗೆ ನೆನೆದ ಆ ಬೂದಿಯ ಮೇಲೆ ಕೆಲವರು ನಡೆದು ಹೋದರು. ಅದು ಗಟ್ಟಿಯಾಯಿತು, ಮೇಲೆ ಮತ್ತೆ ಬೂದಿ ಮುಚ್ಚಿತು. 1978ರಲ್ಲಿ ಮೇರಿ ಲೀಕಿ ಅವರ ತಂಡ ಅದನ್ನು ಬಿಡಿಸಿದಾಗ ಕಂಡದ್ದು ಹಿಮ್ಮಡಿ ಊರಿ ಹೆಬ್ಬೆರಳಿನಿಂದ ನೆಲ ಒತ್ತಿದ ಹೆಜ್ಜೆಗಳು. ಈ ನಡಿಗೆಗೆ ಬೆಲೆ ತೆತ್ತವರೂ ನಾವೇ. ನಾಲ್ಕು ಕಾಲಿನ ಪ್ರಾಣಿಗಾಗಿ ರೂಪುಗೊಂಡಿದ್ದ ಬೆನ್ನುಮೂಳೆಯನ್ನು ಕಂಬದಂತೆ ನಿಲ್ಲಿಸಿಕೊಂಡ ಫಲವನ್ನು ನಡುನೋವಿನವರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಸಾಲಿನ ಚಿತ್ರ ಹೇಳುವ ಅತಿ ದೊಡ್ಡ ಸುಳ್ಳು, ಒಂದು ಕಾಲಕ್ಕೆ ಒಬ್ಬನೇ ಇದ್ದ ಎಂಬುದು. ಮೊರಾಕೊದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕ, ನಮ್ಮಂಥದೇ ಮುಖದ ಬುರುಡೆಗಳಿಗೆ ಸುಮಾರು 3 ಲಕ್ಷ ವರ್ಷವೆಂದು 2017ರಲ್ಲಿ ಪ್ರಕಟವಾಯಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಅದೇ ಖಂಡದ ದಕ್ಷಿಣ ತುದಿಯಲ್ಲಿ, ಕಿತ್ತಳೆಯ ಗಾತ್ರದ ಮಿದುಳಿನ, ಹೋಮೋ ನಲೇಡಿ ಎಂಬ ಇನ್ನೊಂದು ಮಾನವ ಪ್ರಭೇದ ಬದುಕಿತ್ತು. ಯೂರೋಪಿನಲ್ಲಿ ನಿಯಾಂಡರ್ತಾಲರೆಂಬ ಬೇರೆಯೇ ಮಾನವರಿದ್ದರು. ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದ ಗುಹೆಯಲ್ಲಿ 2003ರಲ್ಲಿ ಸಿಕ್ಕ, ಮೂರೂವರೆ ಅಡಿಯ ಕುಳ್ಳ ಮಾನವರ ಮೂಳೆಗಳು ಇನ್ನೂ ಈಚಿನವು, ಒಂದು ಲಕ್ಷದಿಂದ 60 ಸಾವಿರ ವರ್ಷಗಳಷ್ಟು ಹಳೆಯವು. ಭೂಮಿಯ ಮೇಲೆ ನಾವೊಬ್ಬರೇ ಮಾನವರಾಗಿ ಉಳಿದದ್ದು ಈಚಿನ ಸುಮಾರು 40 ಸಾವಿರ ವರ್ಷಗಳಲ್ಲಿ. ನಮ್ಮ ಪ್ರಭೇದದ ಆಯುಸ್ಸಿನಲ್ಲೇ ಅದು ಸಣ್ಣ ತುಣುಕು.

ಮಕ್ಕಳಿಗೆ ಸರಳವಾಗಿ ಹೇಳುವಾಗ ಇಷ್ಟು ತಪ್ಪು ನಡೆಯುತ್ತದೆ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಭೂಪಟದಲ್ಲಿ ಸಣ್ಣ ಹಳ್ಳಿಗಳನ್ನು ಬಿಡುವುದು ಸರಳೀಕರಣ, ನದಿಯನ್ನು ಸಮುದ್ರದಿಂದ ಬೆಟ್ಟಕ್ಕೆ ಹರಿಸುವುದು ಸರಳೀಕರಣವಲ್ಲ. ಸರಿಯಾದ ಚಿತ್ರಕ್ಕೆ ಹೆಚ್ಚು ಹುಡುಕಬೇಕಾದ್ದೂ ಇಲ್ಲ. 1859ರಲ್ಲಿ ಡಾರ್ವಿನ್ ಪ್ರಕಟಿಸಿದ ಪುಸ್ತಕದಲ್ಲಿದ್ದ ಒಂದೇ ಒಂದು ಚಿತ್ರ ಕವಲೊಡೆಯುವ ಗೆರೆಗಳದ್ದು. ಅದರಲ್ಲಿ ಅನೇಕ ಕವಲುಗಳು ನಡುವೆಯೇ ನಿಂತುಹೋಗುತ್ತವೆ, ಯಾವುದೂ ಗುರಿಯಲ್ಲ.

ಕವಲುಗಳ ಆ ಚಿತ್ರಕ್ಕೂ ಒಂದು ತಿದ್ದುಪಡಿ ಬೇಕಾಗಿದೆಯೆಂದು ಈಗ ತಿಳಿದಿದೆ, ಏಕೆಂದರೆ ಬೇರೆಯಾದ ಕವಲುಗಳು ಆಗಾಗ ಮತ್ತೆ ಕೂಡಿವೆ. ಆಫ್ರಿಕಾದ ಹೊರಗಿನ ಜನರ ಡಿಎನ್‌ಎಯಲ್ಲಿ ಶೇಕಡ 1ರಿಂದ 2ರಷ್ಟು ನಿಯಾಂಡರ್ತಾಲರಿಂದ ಬಂದದ್ದು. ಸೈಬೀರಿಯಾದ ಡೆನಿಸೋವಾ ಗುಹೆಯ ಒಂದು ಬೆರಳ ಮೂಳೆಯ ಡಿಎನ್‌ಎಯಿಂದ 2010ರಲ್ಲಿ ಮತ್ತೊಂದು ಮಾನವ ಗುಂಪೇ ಬೆಳಕಿಗೆ ಬಂತು. ಟಿಬೆಟಿನ ಜನರು ತೆಳುಗಾಳಿಯಲ್ಲಿ ಸಲೀಸಾಗಿ ಬದುಕಲು ನೆರವಾಗುವ ವಂಶವಾಹಿಯೊಂದು ಆ ಡೆನಿಸೋವರ ಬಳುವಳಿ. ಅದೇ ಗುಹೆಯ ಇನ್ನೊಂದು ಮೂಳೆಚೂರು ಕನಿಷ್ಠ 13 ವರ್ಷದ ಹುಡುಗಿಯದು. ಸುಮಾರು 90 ಸಾವಿರ ವರ್ಷಗಳ ಹಿಂದಿನ ಆ ಹುಡುಗಿಯ ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವ ಎಂದು 2018ರಲ್ಲಿ ಪ್ರಕಟವಾಯಿತು. ತಂದೆಯ ಕಡೆಯ ಡಿಎನ್‌ಎಯನ್ನು ಇನ್ನಷ್ಟು ಕೆದಕಿ ನೋಡಿದಾಗ, ಅವನ ಹಿರಿಯರಲ್ಲೂ ಹಲವು ತಲೆಮಾರುಗಳ ಹಿಂದೆ ಒಬ್ಬರಾದರೂ ನಿಯಾಂಡರ್ತಾಲರು ಇದ್ದದ್ದು ಕಂಡುಬಂತು.