ಅದೇ ಬೀಜ, ಅದೇ 12 ನಿಮಿಷ: ಬೆಳಗ್ಗೆ ಹುರಿದ ಕಾಫಿ ಮಾತ್ರ ಹಸಿಹಸಿ ಏಕೆ?

[ಪರದೆ: ಎರಡು ತಟ್ಟೆಗಳಲ್ಲಿ ಹುರಿದ ಬೀಜ. ಒಂದು ಗಾಢ ಕಂದು, ಇನ್ನೊಂದು ಮಾಸಲು ಹಳದಿ.]

ನಮಸ್ಕಾರ. ರಾಜಾಜಿನಗರದ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆ ಇದು. ಮನೆಯಲ್ಲಿ ಸಣ್ಣ ಎಲೆಕ್ಟ್ರಿಕ್ ಡ್ರಮ್ ರೋಸ್ಟರ್ ಇದೆ. ಚಿಕ್ಕಮಗಳೂರಿನ ಪ್ಲಾಂಟೇಷನ್ ಎ ದರ್ಜೆಯ ಬೀಜ, ಪ್ರತಿ ಸಲವೂ ಅಷ್ಟೇ ತೂಕ, ಅಷ್ಟೇ ಹೊತ್ತು. ರಾತ್ರಿ ಹುರಿದರೆ ಘಮಘಮ. ಬೆಳಗ್ಗೆ ಏಳು ಗಂಟೆಗೆ ಹುರಿದರೆ ಹುಲ್ಲಿನ ವಾಸನೆ. ಬೀಜ ಮಾರಿದವರನ್ನು ಬೈಯುವ ಮೊದಲು ಬೀದಿಯ ಗೀಸರ್‌ಗಳನ್ನು ನೆನೆಯಿರಿ.

ಎಲ್ಲರ ಮನೆಯ ಗೀಸರ್ ಒಟ್ಟಿಗೆ ಉರಿಯುವಾಗ ವೋಲ್ಟೇಜ್ ಇಳಿಯಬಹುದು. 230 ಇರಬೇಕಾದದ್ದು 207ಕ್ಕೆ ಬಂದಿತು ಎಂದುಕೊಳ್ಳಿ, ಅಂದರೆ ಶೇ. 10 ಕಡಿಮೆ. ಹೀಟರಿನ ಶಾಖವೂ ಶೇ. 10 ಇಳಿಯುತ್ತದೆ ಎಂದುಕೊಂಡರೆ ಲೆಕ್ಕ ತಪ್ಪಿತು. ಶಾಖ ವೋಲ್ಟೇಜಿನ ವರ್ಗಕ್ಕೆ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಮೊತ್ತಕ್ಕೆ, ತಕ್ಕಂತೆ ಏರಿಳಿಯುತ್ತದೆ. 1200 ವ್ಯಾಟ್ ಹೀಟರ್ 972 ವ್ಯಾಟ್‌ಗೆ ಇಳಿಯುತ್ತದೆ, ಶೇ. 19 ಖೋತಾ! ರೋಸ್ಟರಿನ ಟೈಮರಿಗೆ ಇದೊಂದೂ ಗೊತ್ತಿಲ್ಲ. ಅದು 12 ನಿಮಿಷ ಎಣಿಸಿ, ಗಂಟೆ ಬಾರಿಸಿ, ಕೈತೊಳೆದುಕೊಳ್ಳುತ್ತದೆ.

ಹಾಗಾಗಿ ಗಡಿಯಾರದ ಕೈಯಿಂದ ಅಧಿಕಾರ ಕಿತ್ತು ಉಷ್ಣತೆಗೆ ಕೊಡೋಣ.

[ಪರದೆ: ಮೇಜಿನ ಮೇಲೆ ಬಿಡಿಭಾಗಗಳು]

ಸಾಮಾನು ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಉಷ್ಣತೆ ಅಳೆಯಲು ಕೆ ಮಾದರಿಯ ಥರ್ಮೋಕಪಲ್: ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಕೊಡುವ ತಂತಿ. ಅದನ್ನು ಓದುವ ಮ್ಯಾಕ್ಸ್ 6675 ಚಿಪ್. ಪ್ರೋಗ್ರಾಂ ಓಡಿಸಲು ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್, ಆರ್ಡುಯಿನೋ ಊನೋ ಆರ್3. ಅದರ ರ‍್ಯಾಮ್ ಬರೀ 2 ಕಿಲೋಬೈಟ್. ನಿಮ್ಮ ಸೋದರಮಾವ ಕಳಿಸುವ ಶುಭೋದಯದ ಚಿತ್ರ ಅದರಲ್ಲಿ ಹಿಡಿಸುವುದಿಲ್ಲ, ಕಾಫಿ ಹುರಿಯಲು ಮಾತ್ರ ಧಾರಾಳವಾಗಿ ಸಾಕು. ಕೊನೆಗೆ ಹೀಟರನ್ನು ಆಡಿಸಲು ಸಾಲಿಡ್ ಸ್ಟೇಟ್ ರಿಲೇ, ಅಂದರೆ ಆರ್ಡುಯಿನೋ ಹೇಳಿದಂತೆ ಆನ್-ಆಫ್ ಆಗುವ ಎಲೆಕ್ಟ್ರಾನಿಕ್ ಸ್ವಿಚ್. ನಮ್ಮ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಅರ್ಧ ಅಲೆಗಳು. ಅದರಲ್ಲಿ 70ನ್ನು ಹೀಟರಿಗೆ ಹರಿಯಬಿಟ್ಟು 30 ತಡೆದರೆ ಶೇ. 70 ಶಾಖ. ಲ್ಯಾಪ್‌ಟಾಪಿನಲ್ಲಿ ಆರ್ಟಿಸನ್ ಎಂಬ ಉಚಿತ ತಂತ್ರಾಂಶ ಗ್ರಾಫ್ ಬಿಡಿಸುತ್ತದೆ.

ಈಗ ನನಗೆ ಬಲು ಇಷ್ಟವಾದ ಭಾಗ.

[ಪರದೆ: ಗ್ರಾಫ್. ರೇಖೆ 180ರಿಂದ ಧುಮುಕಿ, 90ರ ಹತ್ತಿರ ತಿರುಗಿ, ಮೇಲೇರುತ್ತದೆ.]

ಕಾದ ಡ್ರಮ್ಮಿಗೆ ಬೀಜ ಸುರಿದ ಕೂಡಲೇ ಬೀಜದ ಉಷ್ಣತೆ ಎಂದು ಬರೆದಿರುವ ಈ ರೇಖೆ ನೋಡಿ. ಒಂದು ನಿಮಿಷಕ್ಕೂ ಹೆಚ್ಚು ಕಾಲ ಇಳಿಯುತ್ತಲೇ ಇದೆ. ಕೋಣೆಯಲ್ಲಿ 25 ಡಿಗ್ರಿ ಇದ್ದ ಬೀಜ ಬೆಂಕಿಯಂಥ ಡ್ರಮ್ಮಿಗೆ ಬಿದ್ದು ತಣ್ಣಗಾಗುತ್ತಿದೆಯೇ? ಸಾಧ್ಯವೇ ಇಲ್ಲ. ಕಾದ ಒಗ್ಗರಣೆ ಸೌಟನ್ನು ಮಜ್ಜಿಗೆಯಲ್ಲಿ ಅದ್ದಿದಾಗ ತಣ್ಣಗಾಗುವುದು ಸೌಟು, ಮಜ್ಜಿಗೆಯಲ್ಲ. ಇಲ್ಲಿ ಥರ್ಮೋಕಪಲ್ಲೇ ಆ ಸೌಟು. ಬಿಸಿಗಾಳಿಯಲ್ಲಿ 180ಕ್ಕೆ ಕಾದು ಕುಳಿತಿದ್ದ ಕಡ್ಡಿ ತಣ್ಣನೆಯ ಬೀಜಕ್ಕೆ ತಾಗಿ ಇಳಿಯುತ್ತಿದೆ. ಆ ಹೊತ್ತಿಗೆ ಬೀಜ ಏರುತ್ತಿದೆ. ಎರಡೂ ಹತ್ತಿರವಾಗುವ ಜಾಗವೇ ಆ ತಿರುವು. ಕಡ್ಡಿ ದಪ್ಪವಿದ್ದಷ್ಟೂ ಸುಳ್ಳು ಹೆಚ್ಚು ಹೊತ್ತು ನಡೆಯುತ್ತದೆ.

ಇದನ್ನು ಇಷ್ಟು ಎಳೆದದ್ದಕ್ಕೆ ಕಾರಣವಿದೆ. ಬೇಕಾದ ಉಷ್ಣತೆಗೂ ಇರುವ ಉಷ್ಣತೆಗೂ ಅಂತರ ನೋಡಿ ಶಾಖದ ಹೆಚ್ಚುಕಡಿಮೆಯನ್ನು ತೀರ್ಮಾನಿಸುವ ಪಿಐಡಿ ಎಂಬ ಲೆಕ್ಕಕ್ಕೆ ಕಾಣುವುದು ಆ ರೇಖೆ ಮಾತ್ರ. 'ಅಯ್ಯೋ, ಉಷ್ಣತೆ ಕುಸಿಯುತ್ತಿದೆ' ಎಂದು ಅದು ಹೀಟರನ್ನು ಪೂರ್ತಿ ತೆರೆಯುತ್ತದೆ. ಬೀಜದ ಹೊರಮೈ ಕಪ್ಪು ಚುಕ್ಕೆಯಾಗಿ ಸುಡುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ. ಆದ್ದರಿಂದ ರೇಖೆ ತಿರುಗಿ ಏರತೊಡಗುವವರೆಗೆ ಪಿಐಡಿಯನ್ನು ಸುಮ್ಮನಿರಿಸಿ. ಅಲ್ಲಿಯವರೆಗೆ ಸ್ಥಿರವಾದ ಶಾಖ ಕೊಡಿ.

ವಿಡಿಯೋ ಉದ್ದವಾಗುತ್ತಿದೆ, ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಬೀಜ ಚಟಪಟ ಸಿಡಿಯುವುದು ಸುಮಾರು 196 ಡಿಗ್ರಿಗೆ ಎನ್ನುತ್ತಾರೆ. ನಿಮ್ಮ ಕಡ್ಡಿ ಬೇರೆ ಅಂಕಿ ತೋರಿಸಿದರೆ ಅದನ್ನೇ ಬರೆದಿಟ್ಟುಕೊಳ್ಳಿ. ರಿಲೇಗೆ ಹೀಟ್ ಸಿಂಕ್ ಕಡ್ಡಾಯ, ಲೋಹದ ಮೈಗೆ ಅರ್ಥಿಂಗ್ ಕಡ್ಡಾಯ. ಈ ರಿಲೇ ಕೆಟ್ಟರೆ ಸಾಮಾನ್ಯವಾಗಿ ಆಫ್ ಆಗಿ ಕೆಡುವುದಿಲ್ಲ, ಆನ್ ಆಗಿಯೇ ಉಳಿದುಬಿಡುತ್ತದೆ. ಆದ್ದರಿಂದ ಹೀಟರಿನ ಸಾಲಿನಲ್ಲೇ, ಶಾಖ ಮಿತಿಮೀರಿದರೆ ವಿದ್ಯುತ್ ಕಡಿಯುವ ಒಂದು ಥರ್ಮಲ್ ಫ್ಯೂಸ್ ಇರಲಿ, ಕೈಗೆಟಕುವಂತೆ ಸ್ವಿಚ್ ಇರಲಿ. ಡ್ರಮ್ಮಿನ ಮೋಟಾರನ್ನು ಆರ್ಡುಯಿನೋ ಕೈಗೆ ಕೊಡಬೇಡಿ. ಪ್ರೋಗ್ರಾಂ ಹೆಪ್ಪುಗಟ್ಟಿದರೂ ಡ್ರಮ್ ತಿರುಗುತ್ತಿರಬೇಕು, ನಿಂತರೆ ಬೀಜದ ಹೊಟ್ಟಿಗೆ ಬೆಂಕಿ ಹಿಡಿಯಬಹುದು. 230 ವೋಲ್ಟಿನ ಕೆಲಸ ಬಾರದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ, ಇದರಲ್ಲಿ ಸಂಕೋಚ ಬೇಡ.

ಇನ್ನೊಂದು ಮಾತು. ಇಲ್ಲದ ವ್ಯಾಟನ್ನು ಕಂಪ್ಯೂಟರ್ ಹುಟ್ಟಿಸುವುದಿಲ್ಲ. ಮಾಮೂಲಿ ದಿನವೇ ಹೀಟರ್ ಶೇ. 100ರಲ್ಲಿ ಓಡುತ್ತಿದ್ದರೆ ಬೆಳಗಿನ 972 ವ್ಯಾಟಿನ ಮುಂದೆ ಅದೂ ಕೈಚೆಲ್ಲುತ್ತದೆ. ಬೀಜದ ಪ್ರಮಾಣ ಸ್ವಲ್ಪ ಇಳಿಸಿ, ಶೇ. 75ರ ಆಸುಪಾಸಿನಲ್ಲಿ ಕೆಲಸ ನಡೆಯುವಂತೆ ನೋಡಿಕೊಳ್ಳಿ.

ಇಷ್ಟೆಲ್ಲ ಏಕೆ, ಸ್ಟೆಬಿಲೈಸರ್ ಸಾಲದೇ ಎಂದು ಕೇಳುವವರಿಗೆ: ವೋಲ್ಟೇಜಿನ ಮಟ್ಟಿಗೆ ಸಾಕು, ಅಷ್ಟು ವ್ಯಾಟ್ ತಾಳುವಂಥದ್ದು ಕೊಳ್ಳಿ. ಆದರೆ ಡಿಸೆಂಬರಿನ ಚಳಿ ಬಾಲ್ಕನಿಗೆ ಬಂದದ್ದು ಅದಕ್ಕೆ ತಿಳಿಯುವುದಿಲ್ಲ. ವೈರಿಂಗ್ ಚಿತ್ರ ಮತ್ತು ಪ್ರೋಗ್ರಾಂ ಕೆಳಗಿನ ವಿವರಣೆಯಲ್ಲಿವೆ.