ಬಾಯಿ ಬಿಡದ ಕರ್ನಲ್

ಗ್ರಬ್ ಮೆನು, ಅಂದರೆ ಯಾವ ಕರ್ನಲ್ ಶುರುಮಾಡಬೇಕು ಅಂತ ಕೇಳುವ ಪರದೆ, ಬಂತು. ಎಂಟರ್ ಒತ್ತಿದೆ. ಈಗ ಪರದೆ ನೋಡಿ, ಪೂರ್ತಿ ಕಪ್ಪು. ಒಂದಕ್ಷರವೂ ಇಲ್ಲ.

ಇದು ಒಂದು ಹೊಸ ಪ್ಯಾಚ್ (ಕೋಡ್ ತಿದ್ದುಪಡಿ) ಹಾಕಿ ಬಿಲ್ಡ್ ಮಾಡಿದ ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಬೂಟ್ ಮಾಡುವಾಗ ಕಮಾಂಡ್ ಲೈನ್‌ನಲ್ಲಿ, ಅಂದರೆ ಕರ್ನಲ್‌ಗೆ ಆಯ್ಕೆಗಳನ್ನು ಬರೆದುಕೊಡುವ ಸಾಲಿನಲ್ಲಿ, ಕೊಡಬಹುದಾದ ಹೊಸ ಆಯ್ಕೆಯೊಂದನ್ನು ಪ್ಯಾಚ್ ಸೇರಿಸುತ್ತದೆ. ಆ ಆಯ್ಕೆ ಕೊಟ್ಟರೆ ಹೀಗೆ, ಕೊಡದಿದ್ದರೆ ಎಲ್ಲ ಸರಿ. ಹಾಗಂತ ಈಗಲೇ ಕೋಡ್ ಓದಲು ಕೂರುವುದು ಬೇಡ. ಕರ್ನಲ್ ಏನು ಹೇಳುತ್ತಿದೆ ಅಂತ ಮೊದಲು ಕೇಳಿಸಿಕೊಳ್ಳೋಣ.

ಒಂದು ವಿಷಯ ಗಮನಿಸಿ: ಯಂತ್ರ ರೀಬೂಟ್ ಆಗಲಿಲ್ಲ, ಸುಮ್ನೆ ನಿಂತುಬಿಟ್ಟಿತು. ಎಕ್ಸ್86 (ಇಂಟೆಲ್, ಎಎಮ್‌ಡಿ ಮಾದರಿಯ) ಯಂತ್ರ ತಟ್ಟನೆ ರೀಬೂಟ್ ಆದರೆ ನನಗೆ ಮೊದಲು ಟ್ರಿಪಲ್ ಫಾಲ್ಟ್ ಮೇಲೆ ಅನುಮಾನ. ಅಂದರೆ ತಪ್ಪನ್ನು ಹಿಡಿಯಬೇಕಾದ ಹ್ಯಾಂಡ್ಲರ್‌ಗಳೂ ಕೈಕೊಟ್ಟವು ಅಂತ. ನಿಂತುಬಿಟ್ಟರೆ, ಕರ್ನಲ್ ತಪ್ಪನ್ನು ಹಿಡಿದು ತಾನೇ ನಿಂತಿರಬಹುದು. ಸಂದೇಶ ಹೊರಗೆ ಬರಲು ಮಾತ್ರ ದಾರಿ ಇಲ್ಲ. ಸಂದೇಶ ತೋರಿಸುವ ಕನ್ಸೋಲ್ ಇನ್ನೂ ಶುರುವಾಗಿಲ್ಲ ಅಲ್ವಾ? ಕರ್ನಲ್ ಸಂದೇಶ ಬರೆಯುವ ಫಂಕ್ಷನ್ ಪ್ರಿಂಟ್‌ಕೆ, ಅದು ಬರೆದದ್ದೆಲ್ಲ ಮೆಮೊರಿಯ ಲಾಗ್ ಬಫರ್‌ನಲ್ಲೇ ಕೂತಿರುತ್ತದೆ.

ಈಗ ಅದೇ ಕರ್ನಲ್ ಅನ್ನು ಕ್ಯೂಎಮುನಲ್ಲಿ, ಅಂದರೆ ಸಾಫ್ಟ್‌ವೇರ್‌ನಲ್ಲೇ ಇಡೀ ಯಂತ್ರವನ್ನು ಅನುಕರಿಸುವ ಪ್ರೋಗ್ರಾಮ್‌ನಲ್ಲಿ, ಓಡಿಸುತ್ತಿದ್ದೇನೆ. ಇಲ್ಲೂ ನಿಂತಿತು. ಒಳ್ಳೆಯ ಸುದ್ದಿ! ಹಾರ್ಡ್‌ವೇರ್ ಮೇಲಿನ ಅನುಮಾನ ಬಹುಮಟ್ಟಿಗೆ ಹೋಯಿತು. ಸಂದೇಶಗಳನ್ನು ಅಕ್ಷರಗಳಾಗಿ ಹೊರಗೆ ಕಳಿಸುವ ಸೀರಿಯಲ್ ಪೋರ್ಟ್ ಕೂಡ ಪುಕ್ಕಟೆಯಾಗಿ ಸಿಕ್ಕಿತು.

ಕಮಾಂಡ್ ಲೈನ್‌ನ ಕೊನೆಗೆ ಅರ್ಲಿಪ್ರಿಂಟ್‌ಕೆ ಸೇರಿಸುತ್ತೇನೆ. ಕನ್ಸೋಲ್ ಶುರುವಾಗುವ ಮುಂಚೆಯೇ ಸಂದೇಶ ಹೊರಗೆ ಕಳಿಸುವ ಆಯ್ಕೆ ಇದು. ಸೀರಿಯಲ್, ವೇಗ 115200. ನೋಡಿ... ಆಗಲೂ ಏನೂ ಇಲ್ಲ. ಈಗ ಅದನ್ನೇ ಎತ್ತಿ ಸಾಲಿನ ಮೊದಲಿಗೆ ಇಡುತ್ತೇನೆ. ಬಂತು!

ಬದಲಾದದ್ದು ಜಾಗ ಅಷ್ಟೇ. ಅರ್ಲಿಪ್ರಿಂಟ್‌ಕೆ ಕೂಡ, ಹೊಸ ಆಯ್ಕೆಯ ಹಾಗೆ, ಒಂದು ಅರ್ಲಿ ಪ್ಯಾರಾಮ್, ಅಂದರೆ ಬೂಟ್‌ನ ಶುರುವಿನಲ್ಲೇ ಓದುವ ಆಯ್ಕೆ. ಇವನ್ನು ಕರ್ನಲ್ ಎಡದಿಂದ ಬಲಕ್ಕೆ ಒಂದೊಂದಾಗಿ ಓದಿ, ಓದಿದ ಕೂಡಲೇ ಅದರ ಫಂಕ್ಷನ್ ಕರೆಯುತ್ತದೆ. ಹೊಸ ಆಯ್ಕೆ ಮುಂದಿದ್ದರೆ ಅಲ್ಲೇ ಬೀಳುತ್ತದೆ, ಅರ್ಲಿಪ್ರಿಂಟ್‌ಕೆಯ ಸರದಿ ಬರುವುದೇ ಇಲ್ಲ. ಹಾಗಾಗಿ ಜಾಗ ಬದಲಿಸಿದ ಕೂಡಲೇ ಬಗ್ ಎಲ್ಲಿದೆ ಅಂತಲೂ ಅರ್ಧ ಗೊತ್ತಾಯಿತು. ನನಗಂತೂ ಈ ಕೆಲಸದಲ್ಲಿ ಖುಷಿ ಕೊಡುವುದು ಇಂಥ ಸುಳಿವೇ.

ಈಗ ಬಂದ ಸಾಲನ್ನು ಓದೋಣ. ಪ್ಯಾನಿಕ್, ಅರ್ಲಿ ಎಕ್ಸೆಪ್ಷನ್, ಸಂಖ್ಯೆ 14. ಅಂದರೆ ಪೇಜ್ ಫಾಲ್ಟ್, ಮುಟ್ಟಬಾರದ ಮೆಮೊರಿ ವಿಳಾಸ ಮುಟ್ಟಿದ ತಪ್ಪು. ಪಕ್ಕದಲ್ಲಿ ಐಪಿ, ಆಗ ಸಿಪಿಯು ಎಲ್ಲಿತ್ತು ಅನ್ನುವ ವಿಳಾಸ. ಕೊನೆಯಲ್ಲಿ ಸಿಆರ್2, ಮುಟ್ಟಲು ಹೋದ ವಿಳಾಸ. ಅದು ಸೊನ್ನೆಯ ಪಕ್ಕದ ಚಿಕ್ಕ ಸಂಖ್ಯೆ. ಸಿಆರ್2 ಹೀಗೆ ಕಂಡರೆ ನಲ್ ಪಾಯಿಂಟರ್ (ಎಲ್ಲೂ ತೋರಿಸದ ಸೊನ್ನೆ ವಿಳಾಸ) ಅಂದುಕೊಂಡೇ ಮುಂದೆ ಹೋಗಬಹುದು.

ಐಪಿ ವಿಳಾಸದಿಂದ ಕೋಡ್ ಸಾಲು ಹುಡುಕುವ ಮುಂಚೆ ಕೆಎಎಸ್‌ಎಲ್‌ಆರ್, ಅಂದರೆ ಕರ್ನಲ್‌ನ ವಿಳಾಸ ಅದಲುಬದಲು ಮಾಡುವ ಭದ್ರತಾ ವ್ಯವಸ್ಥೆ, ಆಫ್ ಮಾಡಬೇಕು. ಎಕ್ಸ್86ನಲ್ಲಿ 2017ರ 4.12 ಆವೃತ್ತಿಯಿಂದ ಅದು ತಾನಾಗಿಯೇ ಆನ್ ಇರುತ್ತದೆ. ಪ್ರತಿ ಬೂಟ್‌ಗೂ ಕರ್ನಲ್ ಬೇರೆ ವಿಳಾಸಕ್ಕೆ ಹೋಗಿ ಕೂರುತ್ತದೆ. ಆಫ್ ಮಾಡಿ, ಮತ್ತೆ ಓಡಿಸಿ, ಬಂದ ವಿಳಾಸವನ್ನು ಡಿಬಗ್ ಮಾಹಿತಿ ಇರುವ ವಿಎಂಲಿನಕ್ಸ್ (ಬಿಲ್ಡ್‌ನಿಂದ ಬಂದ ಕರ್ನಲ್) ಫೈಲ್ ಜೊತೆ, ವಿಳಾಸದಿಂದ ಕೋಡ್ ಸಾಲು ಹೇಳುವ ಆಡರ್‌ಟುಲೈನ್‌ಗೆ ಕೊಟ್ಟೆ. ಸಾಲು ಸಿಕ್ಕಿತು, ಹೊಸ ಆಯ್ಕೆಯ ಹ್ಯಾಂಡ್ಲರ್ (ಅದನ್ನು ಓದಿದಾಗ ಕರೆಯುವ ಫಂಕ್ಷನ್) ಒಳಗೇ.

ಖಚಿತವಾಗಲಿ ಅಂತ ಜಿಡಿಬಿ, ಓಡುವ ಕೋಡ್ ಅನ್ನು ನಿಲ್ಲಿಸಿ ನೋಡುವ ಡಿಬಗರ್. ಪೋರ್ಟ್ 1234, ಆ ಹ್ಯಾಂಡ್ಲರ್ ಮೇಲೆ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್. ಬ್ಯಾಕ್‌ಟ್ರೇಸ್‌ನ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿಯ) ತಳದ ಕಡೆ ಸ್ಟಾರ್ಟ್ ಕರ್ನಲ್, ಅದರ ಮೇಲೆ ಸೆಟಪ್ ಆರ್ಚ್, ಆಮೇಲೆ ಪಾರ್ಸ್ ಅರ್ಲಿ ಪ್ಯಾರಾಮ್, ತುದಿಯಲ್ಲಿ ನಮ್ಮ ಹ್ಯಾಂಡ್ಲರ್. ಹ್ಯಾಂಡ್ಲರ್ ಕೆಮ್ಯಾಲಾಕ್ ಅನ್ನುವ ಫಂಕ್ಷನ್ ಕರೆದು ಮೆಮೊರಿ ಕೇಳುತ್ತಿದೆ. ಕೊಡುವವರು ಯಾರು? ಮೆಮೊರಿ ಹಂಚುವ ಸ್ಲ್ಯಾಬ್ ಅಲೊಕೇಟರ್ ಇನ್ನೂ ಹುಟ್ಟೇ ಇಲ್ಲ. ಸಿಕ್ಕಿದ್ದು ನಲ್. ಅದನ್ನು ನೋಡದೆ ಅಲ್ಲಿಗೇ ಬರೆಯಲು ಹೋಗಿ ಬಿದ್ದಿದೆ.

ಅರ್ಲಿ ಪ್ಯಾರಾಮ್ ಬಿಟ್ಟು, ಆಯ್ಕೆಯನ್ನು ಸ್ವಲ್ಪ ತಡವಾಗಿ ಓದಿಸುವ ಸೆಟಪ್ ಮ್ಯಾಕ್ರೊ ಬಳಸಿದರೆ ಸರಿಹೋಗುತ್ತದೆ ಅನ್ನಿಸಬಹುದು. ಹೋಗುವುದಿಲ್ಲ, ಅದೂ ಸ್ಲ್ಯಾಬ್‌ಗಿಂತ ಮೊದಲೇ ಓಡುತ್ತದೆ. ಹಾಗಾಗಿ ಹ್ಯಾಂಡ್ಲರ್ ತನಗೆ ಸಿಕ್ಕ ಪಠ್ಯವನ್ನು ಮೊದಲೇ ಮೀಸಲಿಟ್ಟ ಸ್ಟ್ಯಾಟಿಕ್ ಬಫರ್‌ಗೆ ನಕಲು ಮಾಡಿ ಸುಮ್ಮನಾಗಲಿ. ಮೆಮೊರಿ ಕೇಳುವ ಕೆಲಸ ಆಮೇಲೆ, ಸ್ಲ್ಯಾಬ್ ಸಿದ್ಧವಾದ ಮೇಲೆ ಓಡುವ ಇನಿಟ್‌ಕಾಲ್ ಫಂಕ್ಷನ್‌ಗೆ ಹೋಗಲಿ.

ಬಿಲ್ಡ್ ಆಯಿತು. ಕ್ಯೂಎಮುನಲ್ಲಿ ಲಾಗಿನ್ ತನಕ ಬಂತು. ನಿಜವಾದ ಯಂತ್ರದಲ್ಲಿ ಸೀರಿಯಲ್ ಪೋರ್ಟ್ ಇಲ್ಲ, ಆದರೆ ಯುಇಎಫ್‌ಐ (ಯಂತ್ರದ ಫರ್ಮ್‌ವೇರ್) ಇದೆ. ಅಲ್ಲಿ ಅರ್ಲಿಪ್ರಿಂಟ್‌ಕೆಯಂಥದ್ದೇ ಆಯ್ಕೆ ಅರ್ಲಿಕಾನ್‌ಗೆ ಇಎಫ್‌ಐಎಫ್‌ಬಿ ಅಂತ ಕೊಟ್ಟರೆ ಸಂದೇಶಗಳು ನೇರವಾಗಿ ಪರದೆಗೇ ಬರುತ್ತವೆ. ತುಂಬಾ ನಿಧಾನ, ನೋಡಿ, ಸಾಲುಗಳು ತೆವಳುತ್ತಾ ಹೋಗುತ್ತಿವೆ. ಆದರೂ ಹೋಗುತ್ತಿವೆ. ಕೆಎಎಸ್‌ಎಲ್‌ಆರ್ ಮತ್ತೆ ಆನ್ ಮಾಡಿ ಪ್ಯಾಚ್ ಕಳಿಸುತ್ತೇನೆ.